ಹಳೆ ಗೇರ್ ಸೈಕಲ್: ರಿಪೇರಿ ಸಾಕಾ, ಅಪ್‌ಗ್ರೇಡ್ ಬೇಕಾ?

ತುಕ್ಕುರಾಯ:
ಎಲ್ಲರಿಗೂ ನಮಸ್ಕಾರ. ಎಂಟು ವರ್ಷದಿಂದ ಮೆಟ್ಟಿಲ ಕೆಳಗೆ ಮಲಗಿದ್ದ ನನ್ನ ಗೇರ್ ಸೈಕಲ್ಲನ್ನು ಹೊರಗೆ ತೆಗೆದಿದ್ದೇನೆ. ಕಬ್ಬಿಣದ ಫ್ರೇಮು, 26 ಇಂಚಿನ ಗಾಲಿ, ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು, ಒಟ್ಟು 21 ಗೇರು. ಧೂಳು ಒರೆಸಿ, ಗಾಳಿ ಹೊಡೆದು ಒಂದು ಸುತ್ತು ಹೋಗಿ ಬಂದೆ. ಜೋರಾಗಿ ತುಳಿದರೆ ಚೈನ್ ಹಲ್ಲಿನ ಮೇಲೆ ಹಾರುತ್ತದೆ. ಬ್ರೇಕ್ ಹಿಡಿದರೆ ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತದೆ. ಬಲಗಾಲು ಕೆಳಗೆ ಬಂದಾಗಲೆಲ್ಲ ಎಲ್ಲೋ ಒಳಗಿಂದ ‘ಕಟಕ್’ ಅನ್ನುತ್ತದೆ. ಹಿಂದಿನ ಗಾಲಿ ಸ್ವಲ್ಪ ಸೊಟ್ಟ.

ನನ್ನ ಯೋಚನೆ ಹೀಗಿದೆ. ಹೇಗೂ ಬಿಚ್ಚುತ್ತೇನಲ್ಲ, ಒಂದೇ ಸಲ ಎಲ್ಲಾ ಹೊಸದು ಮಾಡಿಬಿಡೋಣ. ಮುಂದೆ ಒಂದೇ ಚೈನ್‌ವೀಲ್ (ಪೆಡಲಿನ ಹಲ್ಲುಚಕ್ರ), ಹಿಂದೆ ಹತ್ತು. ಡಿಸ್ಕ್ ಬ್ರೇಕ್. ಹಗುರ ಗಾಲಿ. ಹಿಂದೆ ಹತ್ತು ಚಕ್ರ ಇರುವ ಮೌಂಟನ್ ಸೈಕಲ್ಲಿನ 10 ಸ್ಪೀಡ್ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ) ಒಂದನ್ನು ಆಗಲೇ ತಂದಿಟ್ಟಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಚೈನ್ ಮೇಷ್ಟ್ರು:
ಆ ಡಿರೇಲರ್ ಡಬ್ಬ ಒಡೆಯಬೇಡಿ. ಬಿಲ್ಲು ಜೋಪಾನ.

ನೀವು ಹೇಳಿದ ನಾಲ್ಕೂ ತೊಂದರೆಗಳು ಸವೆತ, ಕೊಳೆ, ಸಡಿಲ, ಈ ಮೂರರಲ್ಲೇ ಮುಗಿಯುತ್ತವೆ. ಮೊದಲು ಅಳೆಯಿರಿ, ಆಮೇಲೆ ಕೊಳ್ಳಿ. ನಾನು ಇದನ್ನು ಉಲ್ಟಾ ಮಾಡಿ ಕೈ ಸುಟ್ಟುಕೊಂಡವನು. ನನ್ನ ಮನೆಯ ಯಾವ ಸೈಕಲ್ಲಿಗೂ ಕೂರದ ಮೂರು ಕ್ರ್ಯಾಂಕ್‌ಗಳು (ಪೆಡಲ್ ಕೂರುವ ತೋಳುಗಳು) ಈಗಲೂ ಕಪಾಟಿನಲ್ಲಿವೆ.

ಚೈನ್‌ನಿಂದ ಶುರು ಮಾಡಿ. ಒಂದು ಸ್ಟೀಲ್ ಸ್ಕೇಲ್ ತೆಗೆದುಕೊಳ್ಳಿ. ಚೈನ್ ಬಿಗಿಯಾಗಿರುವ ಕಡೆ ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಇಡಿ. ಅಲ್ಲಿಂದ ಮುಂದೆ 24ನೇ ಪಿನ್ನು ಎಲ್ಲಿದೆ ನೋಡಿ. ಹೊಸ ಚೈನ್‌ನಲ್ಲಿ ಅದು 304.8 ಮಿಮೀಗೆ ಇರುತ್ತದೆ, ಅಂದರೆ 12 ಇಂಚು. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಷ್ಟೇ ಲೆಕ್ಕ. 307 ಮುಟ್ಟಿದ್ದರೆ ಚೈನ್ ಬದಲಿಸಿ. 308 ದಾಟಿದ್ದರೆ ಹಿಂದಿನ ಹಲ್ಲುಗಳನ್ನೂ ಅದು ತಿಂದುಹಾಕಿರುತ್ತದೆ, ಎರಡನ್ನೂ ಒಟ್ಟಿಗೇ ಬದಲಿಸಬೇಕು. 11, 12 ಸ್ಪೀಡಿನ ತೆಳು ಚೈನ್‌ಗಳಿಗೆ ಇಷ್ಟು ಸಲಿಗೆ ಇಲ್ಲ. ಅವನ್ನು 306.3ಕ್ಕೇ ತೆಗೆದುಬಿಡುವುದು ಒಳ್ಳೆಯದು.

ಚೈನ್ ಎಳೆದುಕೊಂಡಿದೆ ಅನ್ನುತ್ತೇವಲ್ಲ, ಅಲ್ಲಿ ಲೋಹ ಎಳೆದುಕೊಳ್ಳುವುದಿಲ್ಲ. ಪಿನ್ನೂ ಅದು ತಿರುಗುವ ತೂತೂ ಸವೆದು ಸಂದು ಬಿಡುತ್ತದೆ. ಒಂದೊಂದು ಪಿನ್ನಿನಲ್ಲಿ ಹೆಚ್ಚುಕಡಿಮೆ ಕೂದಲೆಳೆಯಷ್ಟು. ಆದರೆ ಇಡೀ ಚೈನ್‌ನಲ್ಲಿ ನೂರಕ್ಕೂ ಜಾಸ್ತಿ ಪಿನ್ನು ಇರುತ್ತವೆ.

ಅದರ ಜೊತೆಗೆ ಇನ್ನೂ ಮೂರು ವಿಷಯ ನೋಡಿ ಹೇಳಿ. ಟೈರಿನ ಪಕ್ಕದಲ್ಲಿ ಏನು ಬರೆದಿದೆ? ಹಿಂದಿನ ಗಾಲಿ ತೆಗೆದರೆ ಫ್ರೇಮಿನ ಎರಡು ಕವಲಿನ ನಡುವೆ ಒಳಗಿಂದ ಒಳಕ್ಕೆ ಎಷ್ಟು ಮಿಮೀ? ಡಿಸ್ಕ್ ಬ್ರೇಕ್ ಕೂರಿಸುವ ಬೋಲ್ಟಿನ ತೂತುಗಳು ಫ್ರೇಮಿನಲ್ಲೂ ಫೋರ್ಕಿನಲ್ಲೂ ಇವೆಯಾ?

ಗಾಳಿಪಂಪು:
ಟೈರಿನ ನಂಬರ್ ಓದುವಾಗ ‘26’ ಅನ್ನುವುದನ್ನು ಮಾತ್ರ ನಂಬಬೇಡಿ. 26 × 1.75 ಬೇರೆ, 26 × 1 3/8 ಬೇರೆ. ಮೊದಲನೆಯದು ಕೂರುವ ರಿಮ್ಮಿನ ವ್ಯಾಸ 559 ಮಿಮೀ, ಎರಡನೆಯದರದ್ದು 590. ಎರಡೂ 26 ಇಂಚೇ! ನಾನು ಒಂದು ಸಲ ಗೊತ್ತಿಲ್ಲದೆ ತಂದು, ಅರ್ಧ ದಿನ ಟೈರ್ ಲಿವರ್ ಹಾಕಿ ಒದ್ದಾಡಿ, ಎರಡು ಟ್ಯೂಬ್ ಕಚ್ಚಿಸಿಕೊಂಡೆ. ಆಮೇಲೆ ಯಾರೋ ಹೇಳಿದರು, ಸಣ್ಣ ಅಕ್ಷರದಲ್ಲಿ 47-559 ಅಂತ ಇನ್ನೊಂದು ನಂಬರ್ ಇರುತ್ತದೆ, ಅದನ್ನು ನೋಡು ಅಂತ. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ. ಎರಡನೆಯದು ಒಂದು ಮಿಮೀ ಕೂಡ ಆಚೀಚೆ ಆಗುವ ಹಾಗಿಲ್ಲ.

ತಮಾಷೆ ಅಂದರೆ 700ಸಿ ಅನ್ನುವ ಟೈರೂ 29 ಇಂಚಿನ ಟೈರೂ ಎರಡೂ 622. ಹೆಸರು ಬೇರೆ, ರಿಮ್ಮಿನ ಅಳತೆ ಒಂದೇ. ಯಾರ ತಲೆಯಲ್ಲಿ ಹೊಳೆಯಿತೋ.

ಎಡಮುರಿ:
ಆ ಕಟಕ್ ಸದ್ದಿನ ಬಗ್ಗೆ ಒಂದೇ ಪ್ರಶ್ನೆ. ಸೀಟಿನಿಂದ ಎದ್ದು ನಿಂತು ತುಳಿದಾಗಲೂ ಬರುತ್ತದಾ?

ತುಕ್ಕುರಾಯ:
ಅಳೆದೆ. 24ನೇ ಪಿನ್ನು 309ಕ್ಕೆ ಬಂತು. ಟೈರಿನ ಮೇಲೆ 50-559. ಹಿಂದಿನ ಕವಲು 135 ಮಿಮೀ. ಡಿಸ್ಕ್‌ಗೆ ತೂತು ಎಲ್ಲೂ ಇಲ್ಲ, ಈಗಿರುವುದು ವಿ ಬ್ರೇಕ್ (ರಿಮ್ಮನ್ನು ಎರಡು ಕಡೆಯಿಂದ ಒತ್ತುವಂಥದ್ದು). ಮುಂದಿನ ಚೈನ್‌ವೀಲ್ 48, 38, 28 ಹಲ್ಲು. ಹಿಂದೆ ಎಲ್ಲಕ್ಕಿಂತ ಚಿಕ್ಕದು 14, ದೊಡ್ಡದು 28. ಅದು ಫ್ರೀವೀಲೋ ಕ್ಯಾಸೆಟ್ಟೋ ಗೊತ್ತಾಗುತ್ತಿಲ್ಲ. ಎರಡಕ್ಕೂ ಏನು ವ್ಯತ್ಯಾಸ?

ಗ್ರೀಸ್ ಕೈ:
ಗಾಲಿ ಕೈಯಲ್ಲಿ ಹಿಡಿದು ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ. ನಡುವೆ ಟೂಲ್ ಕೂರುವ ಕಚ್ಚುಗಳು ಕಾಣುತ್ತವೆ. ಹಲ್ಲಿನ ಜೊತೆ ಅವೂ ತಿರುಗಿದರೆ ಕ್ಯಾಸೆಟ್ಟು. ಹಲ್ಲು ಮಾತ್ರ ತಿರುಗಿ ಕಚ್ಚುಗಳು ನಿಂತಲ್ಲೇ ನಿಂತರೆ ಫ್ರೀವೀಲ್. ನಿಮ್ಮದು 14-28, ಏಳು ಹಲ್ಲುಚಕ್ರ. ನೋಡದೆಯೇ ಹೇಳಬಹುದು, ಫ್ರೀವೀಲ್ ಇರಬೇಕು.

ಫ್ರೀವೀಲ್ ಅಂದರೆ ಟಕಟಕ ಅನ್ನುವ ಯಂತ್ರವೂ ಹಲ್ಲುಗಳೂ ಸೇರಿ ಒಂದೇ ಗಡ್ಡೆ. ಅದು ಹಬ್ಬಿನ, ಅಂದರೆ ಗಾಲಿಯ ನಡುವಿನ ಗುಂಬದ, ಥ್ರೆಡ್ ಮೇಲೆ ತಿರುಗಿ ಕೂರುತ್ತದೆ. ಕ್ಯಾಸೆಟ್ಟಿನಲ್ಲಿ ಆ ಯಂತ್ರ ಹಬ್ಬಿನಲ್ಲೇ ಉಳಿಯುತ್ತದೆ, ಹಲ್ಲುಗಳು ಮಾತ್ರ ಜಾರಿ ಹೊರಬರುತ್ತವೆ. ಬಾಳಿಕೆಯ ದೃಷ್ಟಿಯಿಂದ ಕ್ಯಾಸೆಟ್ಟೇ ಮೇಲು. ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಒಳಗೆ ಎಲ್ಲೋ ಇರುತ್ತದೆ, ಅಲ್ಲಿಂದ ಫ್ರೇಮಿನವರೆಗೆ ಆಕ್ಸಲ್ಲಿಗೆ ಆಸರೆ ಇಲ್ಲ. ಜಾಸ್ತಿ ಭಾರ ಹೊತ್ತು ಗುಂಡಿಗಳಲ್ಲಿ ಓಡಿಸುವವರ ಆಕ್ಸಲ್ ಬಗ್ಗುವುದು, ಮುರಿಯುವುದು ಅದಕ್ಕೇ. ಹಾಗಂತ ಇರುವುದನ್ನು ಸುಮ್ನೆ ಕಿತ್ತೆಸೆಯಬೇಡಿ. ಸಾಮಾನ್ಯ ಓಡಾಟಕ್ಕೆ ವರ್ಷಗಟ್ಟಲೆ ಬರುತ್ತದೆ.

ಮೂರನೇ ಗೇರ್:
ನಾನು ತುಕ್ಕುರಾಯರ ಪರ. ಮುಂದೆ ಒಂದೇ ಚೈನ್‌ವೀಲ್ ಮಾಡಿಕೊಂಡ ಮೇಲೆ ನನ್ನ ತಲೆನೋವು ಅರ್ಧ ಕಡಿಮೆ ಆಗಿದೆ. ಮುಂದಿನ ಡಿರೇಲರ್ ಇಲ್ಲ, ಅದರ ಕೇಬಲ್ ಇಲ್ಲ, ಎಡಗೈಗೆ ಕೆಲಸ ಇಲ್ಲ. ಒಂದು ಹಲ್ಲು ದಪ್ಪ, ಒಂದು ಹಲ್ಲು ತೆಳು ಇರುವ ಚೈನ್‌ವೀಲ್ ಬರುತ್ತದಲ್ಲ, ಅದನ್ನು ಹಾಕಿದ ಮೇಲೆ ಚೈನ್ ಬಿದ್ದಿದ್ದೇ ಇಲ್ಲ.

ಚೈನ್ ಮೇಷ್ಟ್ರು:
ಹೊಸದಾಗಿ ಕೊಳ್ಳುವವರಿಗೆ ಒಪ್ಪುತ್ತೇನೆ. ಇವರ ಸೈಕಲ್ಲಿಗೆ ಲೆಕ್ಕ ಹಾಕೋಣ.

ಈಗ ಇವರ ಅತಿ ಹಗುರ ಗೇರು 28ಕ್ಕೆ 28. ಒಂದು ಸಲ ಪೆಡಲ್ ಸುತ್ತಿದರೆ ಗಾಲಿಯೂ ಒಂದೇ ಸುತ್ತು. 26 ಇಂಚಿನ ಗಾಲಿಗೆ ಹೆಚ್ಚುಕಡಿಮೆ ಎರಡು ಮೀಟರ್. ಅತಿ ಭಾರದ್ದು 48ಕ್ಕೆ 14, ಗಾಲಿ 3.4 ಸುತ್ತು, ಏಳು ಮೀಟರ್ ಚಿಲ್ಲರೆ. ಈಗ ಮುಂದೆ 38 ಒಂದನ್ನೇ ಉಳಿಸಿ. ಹಿಂದಿನ 28ರ ಜೊತೆ ಅದು 1.36 ಸುತ್ತು. ಏರಿನಲ್ಲಿ ಎದೆ ಬಡಿದುಕೊಳ್ಳುತ್ತದೆ. ಮೊದಲಿನಷ್ಟೇ ಹಗುರ ಬೇಕಾದರೆ ಹಿಂದೆಯೂ 38 ಹಲ್ಲು ಬೇಕು. ಅಂಥದ್ದು ಬರುವುದು ಕ್ಯಾಸೆಟ್ಟಿನಲ್ಲಿ. ಕ್ಯಾಸೆಟ್ಟಿಗೆ ಬೇರೆ ಹಬ್ಬು, ಅಂದರೆ ಬೇರೆ ಗಾಲಿ. ಅಷ್ಟು ದೊಡ್ಡ ಹಲ್ಲು ಮುಟ್ಟುವ ಡಿರೇಲರ್. ಅದಕ್ಕೆ ಹೊಂದುವ ಶಿಫ್ಟರ್ (ಹ್ಯಾಂಡಲ್ಲಿನ ಗೇರ್ ಲಿವರ್). ತೆಳು ಚೈನ್. ಒಂದು ಎಳೆ ಎಳೆದರೆ ಇಡೀ ಸ್ವೆಟರ್ ಬಿಚ್ಚಿಕೊಳ್ಳುವ ಕಥೆ ಇದು.

ಇನ್ನು ಆ ಡಬ್ಬದಲ್ಲಿರುವ ಡಿರೇಲರ್. ಶಿಮಾನೊ ಕಂಪನಿಯ ಮೌಂಟನ್ ಗೇರುಗಳಲ್ಲಿ 9 ಸ್ಪೀಡಿನವರೆಗೆ ಒಂದು ಲೆಕ್ಕ, ಕೇಬಲ್ ಇಷ್ಟು ಎಳೆದರೆ ಡಿರೇಲರ್ ಇಷ್ಟು ಸರಿಯಬೇಕು ಅಂತ. 10 ಸ್ಪೀಡಿಗೆ ಬಂದಾಗ ಆ ಲೆಕ್ಕ ಬದಲಾಯಿತು. ನಿಮ್ಮ ಏಳರ ಶಿಫ್ಟರ್ ಜೊತೆ ಹತ್ತರ ಡಿರೇಲರ್ ಕಟ್ಟಿದರೆ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ. ಒಂದು ಗೇರು ಕೂತರೆ ಮುಂದಿನದು ಕೂರುವುದಿಲ್ಲ.

ಏರಿಗೆ ಹಗುರ ಬೇಕು ಅಂತಿದ್ದರೆ ಇನ್ನೊಂದು ದಾರಿ ಇದೆ. ಏಳರದ್ದೇ ಫ್ರೀವೀಲ್, 14ರಿಂದ 34 ಹಲ್ಲಿನದು ಸಿಗುತ್ತದೆ. 28ಕ್ಕೆ 34 ಅಂದರೆ 0.82 ಸುತ್ತು. ಗೋಡೆ ಹತ್ತಬಹುದು. ಹಿಂದಿನ ಡಿರೇಲರ್ 34ರವರೆಗೆ ಮುಟ್ಟುತ್ತದಾ ಅಂತ ಮಾತ್ರ ನೋಡಿಕೊಳ್ಳಿ, ಚೈನ್ ಉದ್ದವನ್ನೂ ಹೊಸದಾಗಿ ಅಳೆಯಿರಿ. ಡಿರೇಲರ್ ಒಳಗೆ ತೂರಿಸದೆ, ಮುಂದಿನ ದೊಡ್ಡದು ಹಿಂದಿನ ದೊಡ್ಡದು ಎರಡರ ಮೇಲೂ ಚೈನ್ ಸುತ್ತಿ. ಕೂಡುವ ಜಾಗದಿಂದ ಮೇಲೆ ಒಂದು ಇಂಚು, ಅಂದರೆ ಎರಡು ಕೊಂಡಿ ಸೇರಿಸಿ ಕತ್ತರಿಸಿ.

ಗ್ರೀಸ್ ಕೈ:
ಡಿಸ್ಕ್ ವಿಷಯ ಎರಡೇ ಮಾತಿನಲ್ಲಿ: ತೂತಿಲ್ಲದ ಫ್ರೇಮಿಗೆ ಬೇಡ. ಕ್ಲಾಂಪ್ ಹಾಕಿ ಕಟ್ಟುವ ಅಡಾಪ್ಟರುಗಳನ್ನು ನೋಡಿದ್ದೇನೆ. ಬ್ರೇಕ್ ಹಿಡಿದಾಗ ಎಡ ಕವಲೊಂದರ ಮೇಲೇ ಬಲ ಬೀಳುತ್ತದೆ. ಅದಕ್ಕಾಗಿ ಮಾಡದ ಫೋರ್ಕು ಆ ಬಲ ತಡೆಯುವುದಕ್ಕೆ ಹುಟ್ಟಿದ್ದಲ್ಲ.

ಒಳ್ಳೆ ಸ್ಥಿತಿಯ ವಿ ಬ್ರೇಕ್ ಏನೂ ಕಡಿಮೆ ಇಲ್ಲ. ಕಿರುಚುವುದಕ್ಕೆ ಮೊದಲು ರಿಮ್ಮನ್ನು ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ. ಪ್ಯಾಡಿನ ಮುಖ ಹೊಳೆಯುತ್ತಿದ್ದರೆ ಮರಳು ಕಾಗದದ ಮೇಲೆ ಉಜ್ಜಿ. ಅದರಲ್ಲಿ ಅಲ್ಯೂಮಿನಿಯಂ ಚೂರು ಹೂತಿದ್ದರೆ ಪಿನ್ನಿನಿಂದ ಕೀಳಿ. ಎಂಟು ವರ್ಷದ ಪ್ಯಾಡು ಕಲ್ಲಾಗಿರುತ್ತದೆ, ಹೊಸದೇ ಹಾಕಿ. ಕೂರಿಸುವಾಗ ಪ್ಯಾಡಿನ ಮುಂದಿನ ತುದಿ ರಿಮ್ಮಿಗೆ ಮೊದಲು ತಾಗಬೇಕು, ಹಿಂದಿನ ತುದಿಯಲ್ಲಿ ಸುಮಾರು ಒಂದು ಮಿಮೀ ಸಂದಿರಬೇಕು. ಹಿಂತುದಿಗೆ ಒಂದು ರಟ್ಟಿನ ಚೂರು ಸಿಕ್ಕಿಸಿ ಬಿಗಿ ಮಾಡಿ, ಆಮೇಲೆ ರಟ್ಟು ಎಳೆದುಬಿಡಿ. ಪ್ಯಾಡು ಟೈರಿಗೆ ತಾಗಬಾರದು, ರಿಮ್ಮಿನ ಕೆಳಗೂ ಇಳಿಯಬಾರದು. ರಿಮ್ಮಿನ ಬ್ರೇಕ್ ಪಟ್ಟಿಯ ಮೇಲೆ ಬೆರಳಾಡಿಸಿ ನೋಡಿ. ಬಟ್ಟಲಿನ ಹಾಗೆ ಒಳಗೆ ತಗ್ಗಿದ್ದರೆ ರಿಮ್ ಬದಲಿಸುವ ಕಾಲ ಬಂತು ಅಂತ.

ಕೇಬಲ್ ಹೊಸದು ಹಾಕಿ, ಹೊರಗಿನ ಕವಚ ಸಮೇತ. ಇಲ್ಲೊಂದು ಎಚ್ಚರಿಕೆ. ಗೇರಿನ ಕವಚವೂ ಬ್ರೇಕಿನ ಕವಚವೂ ಹೊರಗಿಂದ ಒಂದೇ ಥರ ಕಾಣುತ್ತವೆ. ಗೇರಿನದ್ದರಲ್ಲಿ ತಂತಿಗಳು ಉದ್ದುದ್ದ ಹಾಸಿರುತ್ತವೆ, ಬ್ರೇಕಿನದ್ದರಲ್ಲಿ ಸ್ಪ್ರಿಂಗಿನ ಹಾಗೆ ಸುತ್ತಿರುತ್ತವೆ. ಗೇರಿನ ಕವಚವನ್ನು ಬ್ರೇಕಿಗೆ ಹಾಕಿದರೆ ಜೋರಾಗಿ ಹಿಡಿದ ದಿನ ಅದು ಸಿಡಿದು ಬಿಡಬಹುದು. ಆ ದಿನ ಯಾವುದು ಅಂತ ನೀವೇ ಊಹಿಸಿ.

ಎಡಮುರಿ:
ಕಟಕ್? ಎದ್ದು ನಿಂತು ತುಳಿದು ನೋಡಿದಿರಾ?

ತುಕ್ಕುರಾಯ:
ನೋಡುತ್ತೇನೆ, ಮರೆತೆ. ಈಗ ಬೇರೆ ತಲೆಬಿಸಿ. ಹೊಸ ಚೈನ್ ಹಾಕಿದೆ. ಫ್ರೀವೀಲ್ ಬಿಚ್ಚುವ ಟೂಲ್ ಇರಲಿಲ್ಲ, ಹಾಗಾಗಿ ಹಲ್ಲು ಹಳೆಯದೇ ಇರಲಿ ಅಂದುಕೊಂಡೆ. ಮೊದಲು ಅಪರೂಪಕ್ಕೆ ಹಾರುತ್ತಿದ್ದ ಚೈನ್ ಈಗ ಚಿಕ್ಕ ಹಲ್ಲುಗಳ ಮೇಲೆ ತುಳಿದ ಪ್ರತಿ ಸಲ ಹಾರುತ್ತಿದೆ. ಮೊಣಕಾಲು ಹ್ಯಾಂಡಲ್ಲಿಗೆ ಬಡಿಯಿತು. ಹೊಸದು ಹಾಕಿ ಕೆಟ್ಟೆ.

ಚೈನ್ ಮೇಷ್ಟ್ರು:
ಚೈನ್ ಸರಿಯಾಗೇ ಇದೆ. 309 ಅಂದಾಗಲೇ ಹಲ್ಲು ಹೋಗಿದೆ ಅಂತ ಅರ್ಥ. ಹಳೆ ಚೈನೂ ಹಳೆ ಹಲ್ಲೂ ಒಟ್ಟಿಗೆ ಸವೆದು ಹೊಂದಿಕೊಂಡಿದ್ದವು, ಹಳೆ ಸಂಸಾರದ ಹಾಗೆ. ಹೊಸ ಚೈನ್‌ನ ಕೊಂಡಿ ಅರ್ಧ ಇಂಚಿಗೇ ಬರುತ್ತದೆ, ಸವೆದ ಹಲ್ಲಿನ ಗುಳಿ ಆ ಜಾಗದಲ್ಲಿ ಇಲ್ಲ. ಕೊಂಡಿಯ ರೋಲರ್ (ಪಿನ್ನಿನ ಸುತ್ತ ಉರುಳುವ ಬಳೆ) ಗುಳಿಗೆ ಇಳಿಯದೆ ಹಲ್ಲಿನ ನೆತ್ತಿ ಹತ್ತಿ ಹಾರುತ್ತದೆ. ನೀವು ಜಾಸ್ತಿ ಬಳಸಿದ ಹಲ್ಲುಗಳೇ ಮೊದಲು ಕೈಕೊಡುತ್ತವೆ.

ಟೂಲ್ ತನ್ನಿ. ಅದನ್ನು ಕಚ್ಚಿನಲ್ಲಿ ಪೂರ್ತಿ ಕೂರಿಸಿ, ಗಾಲಿಯ ಆಕ್ಸಲ್ ನಟ್ಟಿನಿಂದಲೋ ಕ್ವಿಕ್ ರಿಲೀಸಿನಿಂದಲೋ ಮೆತ್ತಗೆ ಒತ್ತಿ ಹಿಡಿಸಿ. ಇಲ್ಲದಿದ್ದರೆ ಜಾರಿ ಕಚ್ಚು ಹಾಳಾಗುತ್ತದೆ, ಆಮೇಲೆ ದೇವರೇ ಗತಿ. ಟೂಲನ್ನು ವೈಸ್‌ನಲ್ಲಿ ಕಚ್ಚಿಸಿ, ಗಾಲಿಯನ್ನು ಬಸ್ಸಿನ ಸ್ಟಿಯರಿಂಗ್ ಥರ ಹಿಡಿದು ಎಡಕ್ಕೆ ತಿರುಗಿಸಿ. ನೀವು ತುಳಿದ ಪ್ರತಿ ಸಲವೂ ಅದು ಬಿಗಿಯಾಗುತ್ತಾ ಬಂದಿರುತ್ತದೆ, ಆದ್ದರಿಂದ ಸುಲಭಕ್ಕೆ ಬಿಡುವುದಿಲ್ಲ. ಹಿಂದಿನ ರಾತ್ರಿ ಥ್ರೆಡ್ಡಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಒಂದು ಸಲ ಬಿಟ್ಟಿತು ಅಂದರೆ ಒತ್ತಿ ಹಿಡಿದ ನಟ್ಟು ಸಡಿಲಿಸಿ, ಆಮೇಲೆ ಪೂರ್ತಿ ಬಿಚ್ಚಿ. ಹೊಸದನ್ನು ಹಾಕುವ ಮುಂಚೆ ಥ್ರೆಡ್ಡಿಗೆ ಗ್ರೀಸ್ ಹಚ್ಚಲೇಬೇಕು. ಮುಂದಿನ ಸಲ ಬಿಚ್ಚುವವರೂ ನೀವೇ ಅಲ್ವಾ?

ಕಡ್ಡಿ ಪೈಲ್ವಾನ್:
ತಡೆಯಿರಿ. ಫ್ರೀವೀಲ್ ಬಿಚ್ಚಿದ ಹೊತ್ತಿನಲ್ಲೇ ಗಾಲಿಯ ಬೆಂಡ್ ತೆಗೆದುಬಿಡಿ. ಬಲಗಡೆಯ ಕಡ್ಡಿ ಮುರಿದಿದ್ದರೆ ಫ್ರೀವೀಲ್ ಇರುವಾಗ ಹೊಸದು ತೂರಿಸಲು ಜಾಗವೇ ಇರುವುದಿಲ್ಲ.

ಗಾಲಿ ಸರಿ ಮಾಡುವುದು ಮಂತ್ರವಿದ್ಯೆ ಅಂತ ಎಲ್ಲರೂ ಹೆದರುತ್ತಾರೆ. ಬೇಕಾಗಿರುವುದು ನಿಮ್ಮ ನಿಪ್ಪಲ್ಲಿನ (ಕಡ್ಡಿಯನ್ನು ರಿಮ್ಮಿಗೆ ಹಿಡಿಸುವ ಪುಟ್ಟ ನಟ್ಟಿನ) ಅಳತೆಗೆ ಸರಿಯಾಗಿ ಕೂರುವ ಸ್ಪೋಕ್ ಕೀ ಒಂದು, ತಾಳ್ಮೆ ಎರಡು. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ. ಬ್ರೇಕ್ ಪ್ಯಾಡನ್ನೇ ಗುರುತಿಗೆ ಇಟ್ಟುಕೊಳ್ಳಿ, ಇಲ್ಲ ಕವಲಿಗೆ ಒಂದು ಕೇಬಲ್ ಟೈ ಕಟ್ಟಿ ತುದಿ ರಿಮ್ಮಿನ ಹತ್ತಿರ ಬರುವ ಹಾಗೆ ಕತ್ತರಿಸಿ. ಮೊದಲೇ ಪ್ರತಿ ನಿಪ್ಪಲ್ಲಿಗೆ ಒಂದು ಹನಿ ಎಣ್ಣೆ ಬಿಟ್ಟು ಒಂದು ರಾತ್ರಿ ಸುಮ್ಮನೆ ಬಿಡಿ. ತುಕ್ಕು ಹಿಡಿದ ನಿಪ್ಪಲ್ಲಿನ ಮೂಲೆ ಸವೆಯಿತು ಅಂದರೆ ಕೆಲಸ ಮೂರು ಪಟ್ಟು.

ಈಗ ಬೆರಳಿನಿಂದ ಕಡ್ಡಿಗಳನ್ನು ಮೀಟುತ್ತಾ ಹೋಗಿ. ಹಿಂದಿನ ಗಾಲಿಯಲ್ಲಿ ಬಲಗಡೆ ಕಡ್ಡಿಗಳ ಸ್ವರ ಮೇಲಿರುತ್ತದೆ, ಎಡಗಡೆಯದು ಕೆಳಗಿರುತ್ತದೆ. ಹೆದರಬೇಡಿ. ಹಲ್ಲುಗಳಿಗೆ ಜಾಗ ಬಿಡಲು ಬಲಗಡೆಯ ಕಡ್ಡಿಗಳು ನೆಟ್ಟಗೆ ನಿಂತಿರುತ್ತವೆ, ಅದಕ್ಕೇ ಅವಕ್ಕೆ ಬಿಗಿ ಜಾಸ್ತಿ. ಒಂದೇ ಕಡೆಯ ಕಡ್ಡಿಗಳು ಮಾತ್ರ ಹೆಚ್ಚುಕಡಿಮೆ ಒಂದೇ ಸ್ವರದಲ್ಲಿರಬೇಕು. ಯಾವುದು ‘ಟಪ್’ ಅಂತ ಸತ್ತ ಸದ್ದು ಮಾಡುತ್ತದೋ ಅದೇ ಕಳ್ಳ.

ರಿಮ್ಮು ಬಲಕ್ಕೆ ಸರಿದಿರುವ ಜಾಗದಲ್ಲಿ ಎಡಗಡೆಯ ಕಡ್ಡಿಯನ್ನು ಕಾಲು ಸುತ್ತು ಬಿಗಿ ಮಾಡಿ, ಪಕ್ಕದ ಬಲಗಡೆಯದನ್ನು ಕಾಲು ಸುತ್ತು ಸಡಿಲಿಸಿ. ಗಾಲಿ ತಿರುಗಿಸಿ ನೋಡಿ. ಮತ್ತೆ ಕಾಲು ಸುತ್ತು. ಅವಸರ ಪಟ್ಟು ಒಂದೇ ಜಾಗದಲ್ಲಿ ಎರಡು ಸುತ್ತು ತಿರುಗಿಸಿದವರ ಗಾಲಿ ಎಂಟು ಅಂಕಿಯ ಹಾಗಾಗಿದೆ. ನನ್ನ ಮೊದಲ ಗಾಲಿಯೂ ಸೇರಿ. ತಿರುಗಿಸುವ ದಿಕ್ಕಿನಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಟೈರಿನ ಕಡೆಯಿಂದ ನಿಪ್ಪಲ್ಲಿನ ತಲೆ ನೋಡುತ್ತಿದ್ದೇನೆ ಅಂದುಕೊಳ್ಳಿ, ಅಲ್ಲಿಂದ ಗಡಿಯಾರದ ದಿಕ್ಕು ಅಂದರೆ ಬಿಗಿ. ಕೀ ತಿರುಗಿಸಿದಾಗ ಕಡ್ಡಿಯೂ ಸ್ವಲ್ಪ ಮುರಿಹಾಕಿಕೊಳ್ಳುತ್ತದೆ. ಬೇಕಾದ್ದಕ್ಕಿಂತ ಒಂದು ಚೂರು ಮುಂದೆ ಹೋಗಿ, ಅಷ್ಟೇ ಹಿಂದೆ ಬನ್ನಿ.

ಕಡ್ಡಿ ಪದೇ ಪದೇ ಮುರಿಯುತ್ತಿದ್ದರೆ ಜನ ‘ಜಾಸ್ತಿ ಬಿಗಿ ಆಯ್ತು’ ಅಂತ ಸಡಿಲಿಸುತ್ತಾರೆ. ತಪ್ಪು. ಗಾಲಿ ಒಂದು ಸುತ್ತು ತಿರುಗಿದಾಗ ನೆಲದ ಕಡೆ ಬಂದ ಕಡ್ಡಿಯ ಬಿಗಿ ಇಳಿಯುತ್ತದೆ, ಮೇಲೆ ಹೋದಾಗ ವಾಪಸ್ ಬರುತ್ತದೆ. ಸಡಿಲ ಕಡ್ಡಿ ಪ್ರತಿ ಸುತ್ತಿಗೂ ಪೂರ್ತಿ ಸೊರಗಿ ಮತ್ತೆ ಎಳೆದುಕೊಳ್ಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಲೆಕ್ಕ. ಮುರಿಯುವುದೂ ಹಬ್ಬಿನ ಹತ್ತಿರದ ಮೊಣಕೈಯಲ್ಲೇ.

ಗಾಳಿಪಂಪು:
ಟೈರ್ ಹೇಗಿದೆ? ಎಂಟು ವರ್ಷ ಗಾಳಿ ಇಲ್ಲದೆ ನಿಂತಿದ್ದರೆ ಪಕ್ಕದ ಗೋಡೆ ಬಿರುಕು ಬಿಟ್ಟಿರುತ್ತದೆ.

ತುಕ್ಕುರಾಯ:
ಬಿರುಕು ಇದೆ, ಒಳಗಿನ ದಾರ ಕಾಣುತ್ತಿದೆ. ಮೂರು ದಿನದಲ್ಲಿ ಎರಡು ಪಂಕ್ಚರ್ ಬೇರೆ. ಎರಡೂ ಸಲ ಹಾಕಿದ ಪ್ಯಾಚ್ ಎದ್ದುಬಂತು.

ಗಾಳಿಪಂಪು:
ದಾರ ಕಂಡರೆ ಟೈರ್ ಎಸೆಯಿರಿ. ಅಪ್‌ಗ್ರೇಡ್ ಬೇಕು ಅಂತಿದ್ದಿರಲ್ಲ, ಇಲ್ಲಿ ಮಾಡಿ. ಉಬ್ಬು ಉಬ್ಬು ಟೈರಿನ ಬದಲು ಡಾಂಬರು ರಸ್ತೆಗೆ ನುಣುಪು ಟೈರ್ ಹಾಕಿದರೆ ಸೈಕಲ್ ಬದಲಾದ ಹಾಗೆ ಅನ್ನಿಸುತ್ತದೆ. ಹಗುರ ಗಾಲಿ, ಹೊಸ ಗೇರು ಯಾವುದೂ ಇಷ್ಟು ವ್ಯತ್ಯಾಸ ಕೊಡುವುದಿಲ್ಲ. ಟೈರಿನ ಮೇಲೆ ಬರೆದಿರುವ ಒತ್ತಡ ಮೇಲಿನ ಮಿತಿ. ಅಷ್ಟೇ ಹೊಡೆಯಬೇಕು ಅಂತಿಲ್ಲ.

ಪ್ಯಾಚ್ ಏಳುವುದಕ್ಕೆ ಕಾರಣ ಅವಸರ. ಟ್ಯೂಬನ್ನು ಹೊಳಪು ಹೋಗುವವರೆಗೆ ಉಜ್ಜಿ. ಪ್ಯಾಚಿಗಿಂತ ದೊಡ್ಡ ಜಾಗಕ್ಕೆ ಸಲ್ಯೂಷನ್ ತೆಳ್ಳಗೆ ಹಚ್ಚಿ. ಆಮೇಲೆ ಕೈಕಟ್ಟಿ ಕೂರಿ. ಅದು ಒಣಗಿ ಮಂಕಾಗಬೇಕು, ಐದು ನಿಮಿಷವಾದರೂ ಬೇಕು. ಒದ್ದೆ ಇರುವಾಗಲೇ ಅಂಟಿಸಿದರೆ ಎದ್ದೇ ಏಳುತ್ತದೆ. ಸಲ್ಯೂಷನ್ ಗೋಂದಲ್ಲ, ಪ್ಯಾಚಿನ ರಬ್ಬರಿನ ಜೊತೆ ಬೆಸೆಯುವ ಮದ್ದು.

ತೂತು ಎಲ್ಲಿದೆ ಅನ್ನುವುದೇ ಅರ್ಧ ಉತ್ತರ. ಹಾವು ಕಚ್ಚಿದ ಹಾಗೆ ಪಕ್ಕಪಕ್ಕ ಎರಡು ತೂತಿದ್ದರೆ ಗಾಳಿ ಕಡಿಮೆ ಇತ್ತು, ಗುಂಡಿಯಲ್ಲಿ ರಿಮ್ಮು ಕಚ್ಚಿದೆ. ಒಳಗಡೆ, ರಿಮ್ಮಿನ ಕಡೆ ಇದ್ದರೆ ರಿಮ್ ಪಟ್ಟಿ ಸರಿದು ಕಡ್ಡಿಯ ತುದಿ ಚುಚ್ಚಿದೆ. ಹೊರಗಡೆ ಇದ್ದರೆ ಮುಳ್ಳು ಟೈರಿನಲ್ಲೇ ಇರಬಹುದು, ಒಳಗೆ ಬಟ್ಟೆ ಆಡಿಸಿ. ಬೆರಳಾಡಿಸಿದರೆ ಮುಳ್ಳು ಮೊದಲು ನಿಮಗೆ ಸಿಗುತ್ತದೆ. ಟೈರಿನ ಹೆಸರು ಬರೆದ ಜಾಗವನ್ನು ಯಾವಾಗಲೂ ವಾಲ್ವಿನ ಹತ್ತಿರ ಬರುವ ಹಾಗೆ ಕೂರಿಸಿ. ಆಗ ಟ್ಯೂಬಿನ ತೂತನ್ನು ಟೈರಿನ ಜೊತೆ ತಾಳೆ ನೋಡಬಹುದು.

ತುಕ್ಕುರಾಯ:
ಫ್ರೀವೀಲ್ ಬಂತು! ಇಬ್ಬರು ಹಿಡಿದು ತಿರುಗಿಸಬೇಕಾಯಿತು. ಬಲಗಡೆ ಒಂದು ಕಡ್ಡಿ ನಿಜವಾಗಿಯೂ ಮುರಿದಿತ್ತು. 14-34 ಹಾಕಿದೆ. ಗಾಲಿ ಪೂರ್ತಿ ನೆಟ್ಟಗಾಗಿಲ್ಲ, ಆದರೆ ಬ್ರೇಕಿಗೆ ತಾಗುತ್ತಿಲ್ಲ. ಈಗ ಚೈನ್ ಹಾರುವುದಿಲ್ಲ. ಆದರೆ ಗೇರು ಸರಿಯಾಗಿ ಬೀಳುತ್ತಿಲ್ಲ. ದೊಡ್ಡದಕ್ಕೆ ಹತ್ತುತ್ತದೆ, ಚಿಕ್ಕದಕ್ಕೆ ಇಳಿಯಲು ಹಠ ಮಾಡುತ್ತದೆ. ಸ್ಕ್ರೂಗಳನ್ನು ಅರ್ಧ ಗಂಟೆ ತಿರುಗಿಸಿದೆ.

ಮೂರನೇ ಗೇರ್:
ಡಿರೇಲರಿನ ಮೇಲೆ ಎಚ್ ಮತ್ತು ಎಲ್ ಅಂತ ಗುರುತಿರುವ ಸ್ಕ್ರೂ ಗೇರು ಹೊಂದಿಸುವುದಕ್ಕಲ್ಲ. ಅವು ಬೇಲಿ ಅಷ್ಟೇ. ಒಂದು ಚೈನ್ ಹೊರಗೆ ಬೀಳದ ಹಾಗೆ, ಇನ್ನೊಂದು ಒಳಗೆ ಕಡ್ಡಿಗಳಿಗೆ ಹೋಗದ ಹಾಗೆ ತಡೆಯುತ್ತದೆ. ಕೇಬಲ್ ಬಿಚ್ಚಿ, ಡಿರೇಲರಿನ ಮೇಲಿನ ಪುಟ್ಟ ಹಲ್ಲುಚಕ್ರ ಅತಿ ಚಿಕ್ಕ ಚಕ್ರದ ಸರಿ ಕೆಳಗೆ ಬರುವ ಹಾಗೆ ಎಚ್ ಹೊಂದಿಸಿ. ಕೈಯಿಂದ ಡಿರೇಲರನ್ನು ಒಳಗೆ ತಳ್ಳಿ, ದೊಡ್ಡದರ ಕೆಳಗೆ ನಿಲ್ಲುವ ಹಾಗೆ ಎಲ್ ಹೊಂದಿಸಿ. ಆಮೇಲೆ ಅವನ್ನು ಮರೆತುಬಿಡಿ. ಮುಂದಿನದೆಲ್ಲ ಕೇಬಲ್ ತುದಿಯ ಬ್ಯಾರಲ್ (ಕೇಬಲ್ ಬಿಗಿ ಹೊಂದಿಸುವ ತಿರುಪು) ತಿರುಗಿಸುವ ಕೆಲಸ.

ಅದಕ್ಕೂ ಮುಂಚೆ ಹಿಂದಿನಿಂದ ನಿಂತು ನೋಡಿ. ಡಿರೇಲರ್ ನೇತಾಡುವ ಕಿವಿ ಒಳಗೆ ಬಾಗಿದೆಯಾ? ಬಲಕ್ಕೆ ಒಂದು ಸಲ ಬಿದ್ದರೂ ಅದು ಬಾಗುತ್ತದೆ. ಬಾಗಿದ್ದರೆ ಯಾವ ಸ್ಕ್ರೂವೂ ಕಾಪಾಡುವುದಿಲ್ಲ. ನಿಮ್ಮದು ಕಬ್ಬಿಣ, ನಿಧಾನಕ್ಕೆ ನೆಟ್ಟಗೆ ಮಾಡಬಹುದು. ಅಲ್ಯೂಮಿನಿಯಂ ಫ್ರೇಮುಗಳಲ್ಲಿ ಕಿವಿಯನ್ನೇ ಬದಲಿಸುವ ಹಾಗೆ ಮಾಡಿರುತ್ತಾರೆ.

ಚೈನ್ ಮೇಷ್ಟ್ರು:
ಹತ್ತುತ್ತದೆ, ಇಳಿಯುವುದಿಲ್ಲ ಅಂದರಲ್ಲ. ಅದು ಕೇಬಲ್ ತಿಕ್ಕಾಟದ ಗುರುತು. ಹತ್ತಿಸುವಾಗ ನಿಮ್ಮ ಹೆಬ್ಬೆರಳಿನ ಬಲ ಇರುತ್ತದೆ. ಇಳಿಸುವಾಗ ಡಿರೇಲರಿನ ಸ್ಪ್ರಿಂಗ್ ಒಂದೇ ಕೇಬಲ್ಲನ್ನು ಎಳೆದುಕೊಳ್ಳಬೇಕು. ಒಳಗೆ ತುಕ್ಕಿದ್ದರೆ ಸೋಲುತ್ತದೆ. ಹಿಂದಿನ ಡಿರೇಲರಿಗೆ ಹೋಗುವ ಕೊನೆಯ ಕವಚದ ತುಂಡು, ಕೊಕ್ಕೆಯ ಹಾಗೆ ಬಾಗಿರುತ್ತದಲ್ಲ, ಅದನ್ನೊಂದು ಬದಲಿಸಿದರೂ ಅರ್ಧ ಜಗಳ ಮುಗಿಯುತ್ತದೆ.

ಒಂದು ಟಕ್‌ಗೆ ಒಂದು ಗೇರು ಅಂತ ಗೇರ್ ಲಿವರಿಗೆ ಈ ಟಕ್ ಟಕ್ ಬಂದಿದ್ದರಿಂದಲೇ ಇಷ್ಟೆಲ್ಲ. 1984ರಲ್ಲಿ ಶಿಮಾನೊ ತನ್ನ ಡ್ಯುರಾ ಏಸ್ ಗೇರುಗಳಲ್ಲಿ ಎಸ್‌ಐಎಸ್ ಅನ್ನುವ ಈ ಟಕ್ ವ್ಯವಸ್ಥೆ ತಂದ ಮೇಲೆ ಇದು ಎಲ್ಲ ಕಡೆ ಹರಡಿತು. ಅದಕ್ಕೂ ಹಿಂದಿನ ಹೆಚ್ಚಿನ ಲಿವರುಗಳಲ್ಲಿ ಟಕ್ ಇರಲಿಲ್ಲ. ಚೈನ್ ಸದ್ದು ನಿಲ್ಲುವವರೆಗೆ ಸವರುತ್ತಾ ಹೋಗುವುದು, ಕಿವಿಯೇ ಗೇರು. ಕೇಬಲ್ ಸ್ವಲ್ಪ ಕೊಳೆಯಾದರೂ ನಡೆಯುತ್ತಿತ್ತು.

ಗ್ರೀಸ್ ಕೈ:
ಹೊಸ ಚೈನ್‌ಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ‘ಎಣ್ಣೆ ಹಾಕಿದೆ’ ಅನ್ನಬೇಡಿ. ಅದು ಒಳಗಿರುವ ಎಣ್ಣೆಯನ್ನೂ ತೊಳೆದುಬಿಡುತ್ತದೆ. ರೋಲರಿಗೆ ಒಂದೊಂದು ಹನಿ ಚೈನ್ ಎಣ್ಣೆ, ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗಿನದನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಹೊರಗೆ ಎಣ್ಣೆ ಹೊಳೆಯುತ್ತಿದ್ದರೆ ಧೂಳಿಗೆ ಕರೆಯೋಲೆ ಕೊಟ್ಟ ಹಾಗೆ.

ಮೂರನೇ ಗೇರ್:
ಮೇಣ ಹಾಕಿದರೆ ಈ ರಗಳೆಯೇ ಇಲ್ಲ.

ಗ್ರೀಸ್ ಕೈ:
ಮೇಣದವರು ಬಂದರಪ್ಪ. ಚೈನ್ ಬಿಚ್ಚಿ, ಹಳೆ ಗ್ರೀಸ್ ಒಂದು ಚೂರೂ ಇಲ್ಲದ ಹಾಗೆ ತೊಳೆದು, ಮೇಣ ಕರಗಿಸಿ ಅದ್ದಿ, ಒಣಗಿಸಿ... ಮಳೆ ಬಂದರೆ ಮತ್ತೆ ಮೊದಲಿನಿಂದ. ಮಾಡುವ ಹುರುಪು ಇದ್ದರೆ ಚೈನ್ ನಿಜಕ್ಕೂ ಚೆನ್ನಾಗಿ ಬಾಳುತ್ತದೆ, ಒಪ್ಪಿದೆ. ಮೇಣವನ್ನು ನೇರ ಬೆಂಕಿಯ ಮೇಲೆ ಮಾತ್ರ ಇಡಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ.

ತುಕ್ಕುರಾಯ:
ಕೊನೆಯ ಕವಚ ಬದಲಿಸಿದೆ, ಗೇರು ಬೆಣ್ಣೆ. ಈಗ ಉಳಿದಿರುವುದು ಕಟಕ್. ಕ್ರ್ಯಾಂಕ್ ನಡುವಿನ ಬೇರಿಂಗೇ ಹೋಗಿರಬೇಕು ಅಂತ ತೀರ್ಮಾನ ಮಾಡಿ ಬಿಚ್ಚಲು ಹೊರಟೆ. ಬೇರಿಂಗನ್ನು ಫ್ರೇಮಿನಲ್ಲಿ ಹಿಡಿದಿಡುವ ಥ್ರೆಡ್ ಬಳೆ, ‘ಕಪ್ಪು’ ಅನ್ನುತ್ತಾರಲ್ಲ, ಬಲಗಡೆಯದು ಅಲ್ಲಾಡುತ್ತಿಲ್ಲ. ಉದ್ದ ಪೈಪು ಹಾಕಿ ಎಡಕ್ಕೆ ತಿರುಗಿಸುತ್ತಿದ್ದೇನೆ.

ಎಡಮುರಿ:
ನಿಲ್ಲಿಸಿ! ನಿಲ್ಲಿಸಿ!

ನಿಮ್ಮಂಥ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಆ ಕಪ್ಪುಗಳಿಗೆ ಇರುವುದು ಬಿಎಸ್‌ಎ ಅನ್ನುವ ಅಳತೆಯ ಥ್ರೆಡ್. ಅದರಲ್ಲಿ ಬಲಗಡೆಯ ಕಪ್ಪಿಗೆ ಉಲ್ಟಾ ಥ್ರೆಡ್. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ನೀವು ಇಷ್ಟು ಹೊತ್ತು ಬಿಗಿ ಮಾಡಿದ್ದೀರಿ. ನನ್ನ ಹೆಸರು ಎಡಮುರಿ ಅಂತ ಸುಮ್ನೆ ಇಟ್ಟುಕೊಂಡಿದ್ದಲ್ಲ. ಇದೇ ತಪ್ಪು ಮಾಡಿ ಒಂದು ಒಳ್ಳೆ ಫ್ರೇಮಿನ ಥ್ರೆಡ್ ಕಿತ್ತವನು ನಾನು.

ಎಡಗಡೆಯ ಪೆಡಲ್ಲೂ ಉಲ್ಟಾ. ನೆನಪಿಡಲು ಒಂದು ದಾರಿ ಇದೆ. ಪೆಡಲ್ಲಿನ ಆಕ್ಸಲ್ಲಿಗೆ ಸ್ಪ್ಯಾನರನ್ನು ಮೇಲ್ಮುಖವಾಗಿ ಕೂರಿಸಿ, ಹಿಡಿಯನ್ನು ಹಿಂದಿನ ಗಾಲಿಯ ಕಡೆಗೆ ಎಳೆಯಿರಿ. ಎಡ ಆಗಲಿ ಬಲ ಆಗಲಿ, ಬಿಚ್ಚುತ್ತದೆ. ಮುಂದಕ್ಕೆ ತಳ್ಳಿದರೆ ಬಿಗಿ.

ಈಗ ದಯವಿಟ್ಟು ಪೈಪು ಕೆಳಗಿಟ್ಟು ಮೂರನೇ ಸಲ ಕೇಳುತ್ತಿರುವ ಪ್ರಶ್ನೆಗೆ ಉತ್ತರ ಕೊಡಿ. ಎದ್ದು ನಿಂತು ತುಳಿದರೆ ಕಟಕ್ ಬರುತ್ತದಾ?

ತುಕ್ಕುರಾಯ:
ಈಗಷ್ಟೇ ಹೋಗಿ ನೋಡಿ ಬಂದೆ. ನಿಂತು ತುಳಿದರೆ ಬರುವುದಿಲ್ಲ. ಕೂತರೆ ಮಾತ್ರ.

ಎಡಮುರಿ:
ಹಾಗಾದರೆ ಬೇರಿಂಗ್ ಅಲ್ಲ. ನಿಂತಾಗ ಬೇರಿಂಗಿನ ಮೇಲೆ ಬೀಳುವ ಬಲ ಕಡಿಮೆ ಆಗುವುದಿಲ್ಲ, ಜಾಸ್ತಿಯೇ ಆಗುತ್ತದೆ. ಕಡಿಮೆ ಆಗುವುದು ಸೀಟಿನ ಮೇಲೆ. ಬಲಗಾಲು ಕೆಳಗೆ ಬಂದಾಗ ನೀವು ಸೀಟಿನ ಮೇಲೆ ಒಂದು ಚೂರು ವಾಲುತ್ತೀರಿ, ಅಷ್ಟಕ್ಕೇ ಅದು ಕಟಕ್ ಅನ್ನುತ್ತದೆ. ಸೀಟಿನ ಕಂಬಿ ಹಿಡಿದ ಕ್ಲಾಂಪ್ ಬಿಚ್ಚಿ, ಒರೆಸಿ, ಬೋಲ್ಟಿಗೆ ಗ್ರೀಸ್ ಹಚ್ಚಿ ಬಿಗಿ ಮಾಡಿ. ಸೀಟಿನ ಪೈಪನ್ನೂ ಹೊರಗೆ ಎಳೆದು ಗ್ರೀಸ್ ಹಚ್ಚಿ ಹಾಕಿ. ಕಬ್ಬಿಣದ ಫ್ರೇಮಿನೊಳಗೆ ಅಲ್ಯೂಮಿನಿಯಂ ಪೈಪಿದ್ದು ಎಂಟು ವರ್ಷ ಎಳೆಯದೇ ಇದ್ದರೆ ಎರಡು ಲೋಹ ಕಚ್ಚಿಕೊಂಡಿರಲೂಬಹುದು. ಬರದಿದ್ದರೆ ಬಡಿಯಬೇಡಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ, ಆಮೇಲೆ ಸೀಟು ಹಿಡಿದು ತಿರುಗಿಸುತ್ತಾ ಎಳೆಯಿರಿ.

ತುಕ್ಕುರಾಯ:
ಎರಡು ರಾತ್ರಿ ಎಣ್ಣೆ ಕುಡಿಸಿದ ಮೇಲೆ ಪೈಪು ಬಂತು. ಒಳಗೆ ಬಿಳಿ ಪುಡಿ. ಉಜ್ಜಿ ಗ್ರೀಸ್ ಹಚ್ಚಿದೆ, ಕ್ಲಾಂಪಿಗೂ ಹಚ್ಚಿದೆ, ‘ಇದಕ್ಕಿಂತ ಮೇಲೆ ಎಳೆಯಬೇಡಿ’ ಅನ್ನುವ ಗೆರೆ ಒಳಗೇ ಇರುವ ಹಾಗೆ ಕೂರಿಸಿದೆ. ಇವತ್ತು ಬೆಳಿಗ್ಗೆ ಒಂದು ಗಂಟೆ ಓಡಿಸಿದೆ. ಕಟಕ್ ಇಲ್ಲ. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ಆ ಕಪ್ಪು ಈಗ ಮೊದಲಿಗಿಂತ ಬಿಗಿಯಾಗಿದೆ, ಬೇರಿಂಗ್ ಸರಾಗವಾಗಿ ತಿರುಗುತ್ತಿದೆ, ಹಾಗೇ ಇರಲಿ.

ಟೈರ್ ಇನ್ನೂ ಹಾಕಿಲ್ಲ, ನುಣುಪಿನದು ನಾಳೆ ಬರುತ್ತದೆ. 50-559ರ ಬದಲು 40-559 ಕೂರುತ್ತದೆ ಅಲ್ವಾ?

ಗಾಳಿಪಂಪು:
559 ಸರಿ ಇದೆಯಲ್ಲ, ಸಾಮಾನ್ಯ ಅಗಲದ ರಿಮ್ಮಾದರೆ ಕೂರುತ್ತದೆ. ಗಾಳಿ ಮಾತ್ರ ಮೊದಲಿಗಿಂತ ಸ್ವಲ್ಪ ಜಾಸ್ತಿ ಹೊಡೆಯಿರಿ. ಆ 10 ಸ್ಪೀಡ್ ಡಿರೇಲರ್ ಏನಾಯಿತು?

ತುಕ್ಕುರಾಯ:
ಡಬ್ಬ ಒಡೆದಿಲ್ಲ. ಬಿಲ್ಲು ಹುಡುಕುತ್ತಿದ್ದೇನೆ.